ಬಜಾರಿನ ಸದ್ದಿನಲ್ಲಿ ಸಿಕ್ಕ ಲಯ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



"ಸರ್, ನಮ್ಮ ಗಲ್ಲಿಯಲ್ಲಿ ಇಡೀ ದಿನ ಠಣ್ ಠಣ್ ಸದ್ದು. ಅಲ್ಲಿ ಕೂತು ಕವಿತೆ ಓದುವುದು ಹೇಗೆ?" ಎಂದು ಮಕ್ಕಳು ಕೇಳುತ್ತಾರೆ. ಈ ಪ್ರಶ್ನೆಗೆ ಬಸ್ರಾ ನಗರದ ಒಂದು ಹಳೆಯ ಕಥೆಯಲ್ಲಿ ಉತ್ತರವಿದೆ.

ಎಂಟನೆಯ ಶತಮಾನದಲ್ಲಿ ಇರಾಕಿನ ಬಸ್ರಾದಲ್ಲಿ ಖಲೀಲ್ ಇಬ್ನ್ ಅಹ್ಮದ್ ಎಂಬ ಮಹಾ ವಿದ್ವಾಂಸರಿದ್ದರು. ಅವರು ಒಮ್ಮೆ ತಾಮ್ರದ ಪಾತ್ರೆ ಮಾಡುವವರ ಬಜಾರಿನಲ್ಲಿ ಹೋಗುತ್ತಿದ್ದಾಗ ಸುತ್ತಿಗೆಯ ಪೆಟ್ಟು, ನಡುವಿನ ಬಿಡುವು, ಮತ್ತೆ ಪೆಟ್ಟು ಕಿವಿಗೆ ಬಿತ್ತಂತೆ. ಕಾವ್ಯದ ನಡಿಗೆಯೂ ಹೀಗೆಯೇ ಅಲ್ಲವೇ ಎಂದು ಅವರಿಗೆ ಹೊಳೆಯಿತಂತೆ. ಕವಿಗಳು ಅದಕ್ಕೂ ಮೊದಲೇ ಹಾಡುತ್ತಿದ್ದರು. ಆ ಹಾಡಿನ ಲೆಕ್ಕವನ್ನು ಕ್ರಮವಾಗಿ ಶಾಸ್ತ್ರವಾಗಿಸಿದವರು ಖಲೀಲರು. ಅವರು 15 ಬಹ್ರ್‌ಗಳನ್ನು ಗುರುತಿಸಿದರು. 16ನೆಯದನ್ನು ನಂತರದ ವಿದ್ವಾಂಸ ಅಖ್ಫಶ್ ಸೇರಿಸಿದರೆಂದು ಹೇಳುತ್ತಾರೆ. ಈ ಇಲ್ಮೆ ಅರೂಜ್ ಅರಬ್ಬಿಯಿಂದ ಫಾರ್ಸಿಗೆ, ಫಾರ್ಸಿಯಿಂದ ನಮ್ಮ ಉರ್ದುವಿಗೆ ಬಂತು. ಇಂದಿಗೂ ಗಜಲ್ ಬರೆಯುವವರು ಈ ಅಳತೆಯನ್ನೇ ಹಿಡಿಯುತ್ತಾರೆ.

ಕನ್ನಡ ಓದುವ ಮಕ್ಕಳಿಗೂ ಇದು ಹೊಸದಲ್ಲ. ಅರೂಜಿನಲ್ಲಿ 'ಫಊಲುನ್' ಎಂಬ ಒಂದು ಅಳತೆ ಇದೆ: ಒಂದು ಚಿಕ್ಕ ಸದ್ದು, ಎರಡು ಉದ್ದ ಸದ್ದು. ನಮ್ಮ ಛಂದಸ್ಸಿನಲ್ಲಿ ಒಂದು ಲಘು, ಎರಡು ಗುರು ಬಂದರೆ ಯಗಣ. ಸಾಲಿಗೆ ನಾಲ್ಕು ಫಊಲುನ್ ಬಂದರೆ ಉರ್ದುವಿನಲ್ಲಿ ಮುತಕಾರಿಬ್ ಬಹ್ರ್. ನಾಲ್ಕು ಯಗಣ ಬಂದರೆ ಕನ್ನಡದಲ್ಲಿ ಭುಜಂಗಪ್ರಯಾತ. ಹೆಸರು ಎರಡು, ನಡಿಗೆ ಒಂದೇ. ಮೇಜಿನ ಮೇಲೆ ಬೆರಳಿನಿಂದ ತಟ್ಟಿ ನೋಡಿ, ನಿಮಗೇ ತಿಳಿಯುತ್ತದೆ.

ಹದಿಮೂರನೆಯ ಶತಮಾನದ ಕೊನ್ಯಾ ನಗರದಲ್ಲಿ ಅಕ್ಕಸಾಲಿಗ ಸಲಾಹುದ್ದೀನ್ ಜರ್ಕೂಬರ ಅಂಗಡಿಯ ಸುತ್ತಿಗೆ ಸದ್ದು ಕೇಳಿ ಮೌಲಾನಾ ರೂಮಿ ಬೀದಿಯಲ್ಲೇ ಮೈಮರೆತರೆಂಬ ಕಥೆಯೂ ಪ್ರಸಿದ್ಧ. ನಮ್ಮ ಬೀದರಿನಲ್ಲಿ ಬಿದರಿ ಕೆಲಸದವರು ಉಳಿಯಿಂದ ಕೆತ್ತಿ, ಬೆಳ್ಳಿಯ ತಂತಿಯನ್ನು ತಟ್ಟಿ ಕೂರಿಸುವಾಗಲೂ ಅಂಥದೇ ಲಯವಿದೆ. ಗ್ಯಾರೇಜಿನ ಸುತ್ತಿಗೆ, ಹೊಲಿಗೆ ಯಂತ್ರ, ಚಹಾದಂಗಡಿಯ ಗ್ಲಾಸು, ತಳ್ಳುಗಾಡಿಯವರ ಕೂಗು, ಎಲ್ಲದರಲ್ಲೂ ಕೇಳುವ ಕಿವಿಗೆ ತಾಳ ಸಿಗುತ್ತದೆ.

ಆದರೆ ಶಾಲೆಯ ಫಾರಂನಲ್ಲಿ 'ತಂದೆಯ ಉದ್ಯೋಗ' ಎಂಬಲ್ಲಿ ಬರೆಯಲು ನಾಚುವ ಮಕ್ಕಳಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟೇ: ಇಂಥ ಕೈಗಳ ಸದ್ದಿನಿಂದಲೇ ಒಂದು ಶಾಸ್ತ್ರ ಹುಟ್ಟಿತೆಂದು ನಮ್ಮ ಹಿರಿಯರು ನೆನಪಿಟ್ಟುಕೊಂಡಿದ್ದಾರೆ. ಧೈರ್ಯವಾಗಿ ಬರೆಯಿರಿ. ಇಂದು ಸಂಜೆ ಹತ್ತು ನಿಮಿಷ ನಿಮ್ಮ ಬಾಗಿಲಲ್ಲಿ ಕೂತು, ಕೇಳಿದ ಸದ್ದುಗಳನ್ನು ಲಘು-ಗುರು ಹಾಕಿ ಬರೆದು ತನ್ನಿ.

ಹಾಗೆಂದು ಗದ್ದಲವೆಲ್ಲ ಸಂಗೀತವಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿದವು. ಪೆಟ್ಟುಗಳ ನಡುವೆ ಬಿಡುವಿಲ್ಲದಿದ್ದರೆ ತಾಳವಿಲ್ಲ. ಮೌನವಿಲ್ಲದ ಮನೆಯಲ್ಲಿ ಓದೂ ಇಲ್ಲ. ಆದ್ದರಿಂದ ಹಿರಿಯರಲ್ಲಿ ಒಂದು ವಿನಂತಿ: ಪರೀಕ್ಷೆಯ ತಿಂಗಳುಗಳಲ್ಲಿ ರಾತ್ರಿ ಓದಲು ಸಂಘದ ಕಟ್ಟಡದಲ್ಲಿ ಹುಡುಗರಿಗೊಂದು, ಹುಡುಗಿಯರಿಗೊಂದು ಕೋಣೆ ತೆರೆದಿಡಿ. ಕೇಳುವುದನ್ನು ನಾವು ಕಲಿಸುತ್ತೇವೆ, ಮೌನವನ್ನು ತಾವು ಒದಗಿಸಿಕೊಡಿ.

ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ. ಖುದಾ ಹಾಫಿಜ್.