ನಾಲಾ ಅಲ್ಲ, ನದಿ



ಊರಿನ ನದಿಗಳ ಹೆಸರು ಕೇಳಿದರೆ ನೇತ್ರಾವತಿ, ಫಲ್ಗುಣಿ, ನಂದಿನಿ, ಶಾಂಭವಿ ಎಂದು ಒಂದೇ ಉಸಿರಿಗೆ ಹೇಳುತ್ತೇವೆ. ಮುಂಬಯಿಯ ನದಿಗಳು ಯಾವುವು ಎಂದರೆ ಮೀಠಿ ಎಂದು ಹೇಳಿ ಸುಮ್ಮನಾಗುತ್ತೇವೆ. ದಹಿಸರ್, ಪೊಯಿಸರ್, ಓಶಿವಾರ ಇವೂ ನದಿಗಳೇ. ದಿನಾ ಇವುಗಳನ್ನು ದಾಟುವ ನಾವು ಮೂಗು ಮುಚ್ಚಿಕೊಂಡು ‘ನಾಲಾ’ ಎನ್ನುತ್ತೇವೆ.

ದಹಿಸರ್ ನದಿ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ತುಳಸಿ ಕೆರೆಯ ಬಳಿ ಹುಟ್ಟಿ, ಸುಮಾರು 12 ಕಿ.ಮೀ. ಹರಿದು ಮನೋರಿ ಖಾಡಿಯನ್ನು ಸೇರುತ್ತದೆ. ಉದ್ಯಾನದೊಳಗೆ ಅದು ಕಲ್ಲುಗಳ ನಡುವೆ ಹರಿಯುವ ಹೊಳೆ. ಹೊರಗೆ ಬಂದ ಕೂಡಲೇ ತಬೇಲಾಗಳ ಸೆಗಣಿ, ಮನೆಗಳ ಕೊಳಚೆ, ಪ್ಲಾಸ್ಟಿಕ್ ಎಲ್ಲವೂ ಅದರ ಪಾಲು.

ನದಿಯನ್ನು ಮರೆತರೆ ಏನಾಗುತ್ತದೆ ಎಂದು 2005ರ ಜುಲೈ 26ರಂದು ಕಂಡೆವು. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಕಟ್ಟಡಗಳ ಒತ್ತುವರಿಯಿಂದ ಇಕ್ಕಟ್ಟಾಗಿದ್ದ ಮೀಠಿ ಉಕ್ಕಿ ಕುರ್ಲಾ, ಕಲೀನಾದ ಮನೆಗಳಿಗೆ ನುಗ್ಗಿತು. ಅದೇ ವರ್ಷ ಸರಕಾರ ಮೀಠಿಗಾಗಿ ಪ್ರಾಧಿಕಾರ ರಚಿಸಿತು. ನದಿಯನ್ನು ಅಗಲ ಮಾಡಿದರು, ಹೂಳೆತ್ತಿದರು, ಗೋಡೆ ಕಟ್ಟಿದರು. ನೆರೆಗೆ ಗೋಡೆ ತಡೆಯಾದೀತು. ಆದರೆ ಪೈಪಿನಿಂದ ಬೀಳುವ ಕೊಳಚೆಗೆ ಅದು ಪರಿಹಾರವಲ್ಲ.

ಆಮೇಲೆ ನಾಗರಿಕರೇ ‘ರಿವರ್ ಮಾರ್ಚ್’ ಎಂಬ ಚಳವಳಿ ಕಟ್ಟಿ ಈ ನಾಲ್ಕೂ ನದಿಗಳ ಪರವಾಗಿ ದನಿಯೆತ್ತಿದರು. ದಡದಲ್ಲಿ ನಡೆದರು, ಕಸ ಹೆಕ್ಕಿದರು, ಅಧಿಕಾರಿಗಳನ್ನು ಪ್ರಶ್ನಿಸಿದರು. ಈಗ ಪಾಲಿಕೆಯು ಒಳಚರಂಡಿ ಜೋಡಣೆ ಮತ್ತು ಕೊಳಚೆ ನೀರು ಶುದ್ಧೀಕರಣ ಘಟಕಗಳ ಕೆಲಸವನ್ನು ಕೈಗೆತ್ತಿಕೊಂಡಿದೆ. ಕಸ ಹೆಕ್ಕುವುದು ನಮ್ಮ ಕೈಲಾದೀತು. ಪೈಪು ಹಾಕುವುದು ಪಾಲಿಕೆಯಿಂದ ಮಾತ್ರ ಸಾಧ್ಯ. ಆದರೆ ಕೆಲಸ ಎಲ್ಲಿಗೆ ಬಂತು ಎಂದು ಕೇಳುವವರಿಲ್ಲದಿದ್ದರೆ ಅದೂ ಕಡತದಲ್ಲೇ ಉಳಿಯುತ್ತದೆ. ಆದ್ದರಿಂದ ಇಬ್ಬರೂ ಬೇಕು.

ಇನ್ನೊಂದು ಮಾತು. ದಡದ ಜೋಪಡಿಗಳಲ್ಲಿರುವವರನ್ನು ದೂರುವುದು ಸುಲಭ. ಶೌಚಾಲಯವಿಲ್ಲದ, ಕಸದ ಗಾಡಿ ಬಾರದ ಕಡೆ ಬದುಕುವ ಹೆಂಗಸರ ಕಷ್ಟ ನಮಗೆ ಅರ್ಥವಾಗಬೇಕು. ನಮ್ಮ ಮನೆಗಳಲ್ಲಿ ದುಡಿಯುವವರು ಅವರೇ ಅಲ್ಲವೇ? ಅವರಿಗೆ ಸೌಲಭ್ಯ ಸಿಗದೆ ನದಿ ಶುದ್ಧವಾಗದು.

ನಾವು ಮೂರು ಕೆಲಸ ಮಾಡೋಣ. ಮೊದಲನೆಯದು, ಮುಂಬಯಿಯಲ್ಲಿ ಮಳೆನೀರಿನ ಚರಂಡಿ ಬೇರೆ, ಒಳಚರಂಡಿ ಬೇರೆ. ನಮ್ಮ ಸೊಸೈಟಿಯ ಕೊಳಚೆ ಯಾವುದಕ್ಕೆ ಸೇರುತ್ತಿದೆ ಎಂದು ಮುಂದಿನ ಸಭೆಯಲ್ಲಿ ಕೇಳೋಣ. ಮಳೆನೀರಿನ ಚರಂಡಿಗೆ ಬಿಟ್ಟದ್ದು ನೇರ ನದಿಗೇ ಹೋಗುತ್ತದೆ. ಎರಡನೆಯದು, ಪೂಜೆಯ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸೇತುವೆಯಿಂದ ಎಸೆಯುವುದು ಬೇಡ. ಹೂವು ಗಿಡದ ಬುಡಕ್ಕೆ ಗೊಬ್ಬರವಾಗಲಿ. ಮೂರನೆಯದು, ಕಸ ಸುರಿಯುವುದು ಕಂಡರೆ ಪಾಲಿಕೆಯ 1916ಕ್ಕೆ ದೂರು ಕೊಟ್ಟು ನಂಬರ್ ಬರೆದಿಟ್ಟುಕೊಳ್ಳೋಣ. ಒಬ್ಬೊಬ್ಬರೇ ಹೋದರೆ ವಾರ್ಡ್ ಆಫೀಸಿನಲ್ಲಿ ನಾಳೆ ಬನ್ನಿ ಎಂದಾರು. ಇಪ್ಪತ್ತು ಮಂದಿ ಒಟ್ಟಿಗೆ ಹೋದರೆ ಕುರ್ಚಿ ಹಾಕಿ ಕೂರಿಸುತ್ತಾರೆ!

ಅರಸಿನ ಕುಂಕುಮಕ್ಕೆ, ಭಜನೆಗೆ ಸೇರುವ ನಮಗೆ ಒಟ್ಟಾಗುವುದು ಹೊಸತಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಸಲ ನಮ್ಮ ಹತ್ತಿರದ ನದಿಯ ದಡಕ್ಕೂ ಒಟ್ಟಾಗಿ ಹೋಗೋಣ. ಅನ್ನ ಕೊಟ್ಟ ಈ ನಗರಕ್ಕೆ ಅಷ್ಟಾದರೂ ಮಾಡೋಣ.