ಕಂಪ್ಯೂಟರಿನೊಳಗೊಬ್ಬ ನೀರುಗಂಟಿ



ಒಂದೇ ಕಂಪ್ಯೂಟರನ್ನು ಎರಡು ಮೂರು ಕಂಪ್ಯೂಟರುಗಳಂತೆ ಬಳಸುವ ಒಂದು ಏರ್ಪಾಟಿನ ಬಗ್ಗೆ ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಇದಕ್ಕೆ ವರ್ಚುವಲೈಜೇಷನ್ ಎನ್ನುತ್ತಾರೆ. ಇದನ್ನು ನಡೆಸುವ ತಂತ್ರಾಂಶದ ಹೆಸರು ಹೈಪರ್‌ವೈಸರ್. ಹೆಸರು ಕೇಳಿಯೇ ರೇಡಿಯೋ ಬಂದ್ ಮಾಡಬೇಡಿ. ನಾನೂ ಎಂಜಿನಿಯರ್ ಅಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಲೆಡ್ಜರ್ ಬರೆದು, ಆಮೇಲೆ ಕಂಪ್ಯೂಟರಿನ ಮುಂದೆ ಕೂತು ನಿವೃತ್ತನಾದವನು. ನನಗೆ ಅರ್ಥವಾದದ್ದು ನಿಮಗೂ ಅರ್ಥವಾಗುತ್ತದೆ.

ಮೊದಲು, ಇದರಿಂದ ನಮಗೇನು ಎಂಬ ಪ್ರಶ್ನೆ. ನಮ್ಮ ಮಡಕಶಿರಾ ಸೀಮೆಯ ಊರುಗಳಲ್ಲಿ ಈಗ ಒಂದೊಂದು ಸೇವಾ ಕೇಂದ್ರವಿದೆ. ಒಂದು ಕೋಣೆ, ಒಂದು ಮೇಜು, ಒಂದು ಕಂಪ್ಯೂಟರ್, ಹೆಬ್ಬೆಟ್ಟು ಒತ್ತುವ ಒಂದು ಸಣ್ಣ ಯಂತ್ರ. ಪಿಂಚಣಿ ಹಣ ಅಲ್ಲೇ, ಅಡಂಗಲ್ ನಕಲೂ ಅಲ್ಲೇ. ಗಡಿಯ ಆಚೆ ನೆಂಟರ ಜಮೀನಿದ್ದರೆ ಪಹಣಿಯೂ ಅಲ್ಲೇ. ಅದೇ ಕಂಪ್ಯೂಟರಿಗೆ ಯಾರದೋ ಪೆನ್‌ಡ್ರೈವ್ ಚುಚ್ಚಿ ಮದುವೆ ಪತ್ರಿಕೆ ಅಚ್ಚು ಹಾಕುತ್ತಾರೆ. ಸಂಜೆಯಾದರೆ ಹುಡುಗರು ಸಿನಿಮಾ ಇಳಿಸಿಕೊಳ್ಳುತ್ತಾರೆ. ಎಲ್ಲವೂ ಒಂದೇ ವಿಂಡೋಸಿನೊಳಗೆ. ಆ ಪೆನ್‌ಡ್ರೈವಿನಲ್ಲೋ ಸಿನಿಮಾದ ಜೊತೆಗೋ ಒಂದು ಕೆಟ್ಟ ಪ್ರೋಗ್ರಾಂ ಒಳಗೆ ಬಂದರೆ, ಅದು ಒತ್ತಿದ ಪ್ರತಿ ಅಕ್ಷರವನ್ನೂ ಕದ್ದು ಬರೆದುಕೊಳ್ಳಬಹುದು. ಡಿಸ್ಕಿನಲ್ಲಿ ಬಿದ್ದಿರುವ ಆಧಾರ್ ನಕಲು, ಪಾಸ್‌ಬುಕ್ ನಕಲುಗಳನ್ನು ಹೊರಗೆ ಸಾಗಿಸಬಹುದು. ಹೋಗುವುದು ಪೆನ್‌ಡ್ರೈವ್ ತಂದವನ ಹಣವಲ್ಲ, ಊರಿನವರ ಹಣ.

ಬ್ಯಾಂಕಿನಲ್ಲಿ ಕ್ಯಾಷ್ ಕ್ಯಾಬಿನ್ನಿಗೆ ಬೇರೆ ಕದವಿರುತ್ತದೆ. ಸ್ಟ್ರಾಂಗ್ ರೂಮಿಗೆ ಎರಡು ಬೀಗದಕೈ, ಇಬ್ಬರ ಕೈಯಲ್ಲಿ. ಇದು ಯಾರ ಮೇಲೂ ಅಪನಂಬಿಕೆಯಿಂದ ಮಾಡಿದ್ದಲ್ಲ, ಇರುವ ನಂಬಿಕೆ ಕೆಡದಿರಲಿ ಎಂದು ಮಾಡಿದ್ದು. ಹಾಗಾದರೆ ಹಣ ಓಡಾಡುವ ಕಂಪ್ಯೂಟರಿನೊಳಗೆ ಒಂದು ಗೋಡೆ ಬೇಡವೇ?

ಆ ಗೋಡೆಯನ್ನು ಎಲ್ಲಿ ಕಟ್ಟಬೇಕು ಎಂಬುದೇ ಇವತ್ತಿನ ವಿಷಯ. ನಮ್ಮ ಕೆರೆಗಳ ನೀರುಗಂಟಿಯನ್ನು ನೆನಪು ಮಾಡಿಕೊಳ್ಳಿ. ಅವನು ಉಳುವುದಿಲ್ಲ, ಬಿತ್ತುವುದಿಲ್ಲ. ತೂಬು ಎತ್ತುವುದು, ಇಳಿಸುವುದು, ಸರದಿ ಪ್ರಕಾರ ಗದ್ದೆ ಗದ್ದೆಗೆ ನೀರು ಬಿಡುವುದು, ಇಷ್ಟೇ ಅವನ ಕೆಲಸ. ರಾಮಪ್ಪನ ಗದ್ದೆಗೆ ರೋಗ ಬಂದರೂ ತೂಬಿಗೆ ಏನೂ ಆಗುವುದಿಲ್ಲ, ಏಕೆಂದರೆ ತೂಬು ರಾಮಪ್ಪನ ಕೈಯಲ್ಲಿಲ್ಲ. ಸುಗ್ಗಿಯಲ್ಲಿ ಪ್ರತಿಯೊಬ್ಬ ರೈತನೂ ಅವನಿಗೆ ಇಂತಿಷ್ಟು ಕಾಳು ಅಳೆದುಕೊಡುತ್ತಿದ್ದ.

ಹೈಪರ್‌ವೈಸರ್ ಇಂಥ ನೀರುಗಂಟಿ. ಪ್ರೊಸೆಸರಿನ ಸಮಯ, ಮೆಮೊರಿ, ಡಿಸ್ಕು, ಇವು ಕೆರೆಯ ನೀರು. ವಿಂಡೋಸ್ ಒಂದು ಗದ್ದೆ, ಲಿನಕ್ಸ್ ಇನ್ನೊಂದು ಗದ್ದೆ. ಪ್ರತಿಯೊಂದೂ ಇಡೀ ಕಂಪ್ಯೂಟರ್ ತನ್ನದೇ ಎಂದು ತಿಳಿದು ನಡೆಯುತ್ತದೆ. ಹಂಚುವವನು ಮಾತ್ರ ಅವುಗಳ ಕೆಳಗೆ, ನೇರವಾಗಿ ಯಂತ್ರದ ಮೇಲೆ ಕೂತಿರುತ್ತಾನೆ. ಅವನ ಪಾಲಿನ ಕಾಳಿನಂತೆ ಸ್ವಲ್ಪ ಮೆಮೊರಿ, ಸ್ವಲ್ಪ ವೇಗ ಅವನಿಗೂ ಹೋಗುತ್ತದೆ.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಅಮೆರಿಕದ ಐಬಿಎಂ ಕಂಪನಿಯವರು 1960ರ ದಶಕದಲ್ಲೇ ತಮ್ಮ ದೊಡ್ಡ ಯಂತ್ರಗಳಲ್ಲಿ ಇದನ್ನು ಮಾಡಿ ತೋರಿಸಿದರು. 1972ರಲ್ಲಿ ವಿಎಂ/370 ಎಂಬ ಹೆಸರಿನಿಂದ ಗಿರಾಕಿಗಳಿಗೂ ಕೊಟ್ಟರು. ಆದರೆ ನಮ್ಮ ಮೇಜಿನ ಮೇಲಿನ ಪಿಸಿಗೆ ಇದು ಬರಲು ಬಹಳ ತಡವಾಯಿತು. ಕಾರಣವಿದೆ. ಯಾವುದೇ ಗದ್ದೆಯವನು ತೂಬಿಗೆ ಕೈ ಹಾಕಿದರೆ ನೀರುಗಂಟಿಗೆ ತಿಳಿಯಬೇಕು. ಪಿಸಿಯ ಪ್ರೊಸೆಸರಿನಲ್ಲಿ ಕೆಲವು ಆದೇಶಗಳು ಸದ್ದಿಲ್ಲದೆ ನಡೆದುಬಿಡುತ್ತಿದ್ದವು. ಜಾನ್ ರಾಬಿನ್ ಮತ್ತು ಸಿಂಥಿಯಾ ಇರ್ವಿನ್ ಎಂಬ ಸಂಶೋಧಕರು 2000ದಲ್ಲಿ ಪೆಂಟಿಯಂ ಪ್ರೊಸೆಸರಿನಲ್ಲಿ ಇಂಥ 17 ಆದೇಶಗಳನ್ನು ಎಣಿಸಿ ತೋರಿಸಿದರು. 1999ರಲ್ಲೇ ವಿಎಂವೇರ್ ಕಂಪನಿ ಆ ಆದೇಶಗಳನ್ನು ಓಡುತ್ತಿರುವಾಗಲೇ ಬದಲಿಸುವ ಉಪಾಯದಿಂದ ಪಿಸಿಯಲ್ಲಿ ಕೆಲಸ ಸಾಧಿಸಿತ್ತು. 2003ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಕ್ಸೆನ್ ಎಂಬ ಹೈಪರ್‌ವೈಸರನ್ನು ಹೊರತಂದರು. ಕಡೆಗೆ 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ಕಂಪನಿಗಳು ಪ್ರೊಸೆಸರಿನೊಳಗೇ ಇದಕ್ಕೆ ಬೇಕಾದ ಅನುಕೂಲ ಇಟ್ಟವು. ಅಲ್ಲಿಂದ ಈಚೆಗೆ ದಾರಿ ಸಲೀಸಾಯಿತು.

ಇದರಲ್ಲಿ ಎರಡು ಬಗೆ ಇವೆ, ವ್ಯತ್ಯಾಸ ಗಮನಿಸಿ. ಒಂದು ಬಗೆಯದು ವಿಂಡೋಸಿನ ಮೇಲೆ ಒಂದು ಪ್ರೋಗ್ರಾಮಿನಂತೆ ಓಡುತ್ತದೆ, ಉದಾಹರಣೆಗೆ ವರ್ಚುವಲ್‌ಬಾಕ್ಸ್. ಹಾಕುವುದು ಸುಲಭ. ಆದರೆ ಕೆಳಗಿನ ವಿಂಡೋಸೇ ಕೆಟ್ಟರೆ, ಅದರ ಮೇಲೆ ಕಟ್ಟಿದ ಕೋಣೆಗೂ ರಕ್ಷಣೆಯಿಲ್ಲ. ಇನ್ನೊಂದು ಬಗೆಯದು ಯಂತ್ರದ ಮೇಲೆಯೇ ನೇರ ಕೂರುತ್ತದೆ. ಕ್ಸೆನ್, ಮೈಕ್ರೋಸಾಫ್ಟಿನ ಹೈಪರ್-ವಿ, ಇವು ಈ ಬಗೆಯವು.

ಕಚೇರಿಯ ವಿಂಡೋಸ್ ಒಂದು, ಸ್ವಂತದ ವಿಂಡೋಸ್ ಒಂದು, ಎರಡೂ ಒಂದೇ ಲ್ಯಾಪ್‌ಟಾಪಿನಲ್ಲಿ ಇರಲಿ ಎಂದು ಸಿಟ್ರಿಕ್ಸ್ ಕಂಪನಿ 2010ರಲ್ಲಿ ಕ್ಸೆನ್‌ಕ್ಲೈಂಟ್ ಹೊರತಂದಿತು. ಮುಂದೆ ಅದನ್ನು ಕೈಬಿಟ್ಟಿತು. 2012ರಲ್ಲಿ ಎರಡು ಸಂಗತಿಗಳು ನಡೆದವು. ವಿಂಡೋಸ್ 8ರ ಪ್ರೊ ಆವೃತ್ತಿಯೊಳಗೆ ಹೈಪರ್-ವಿ ಬಂತು. ಪೋಲೆಂಡಿನ ಜೊವಾನ್ನಾ ರುಟ್ಕೋವ್‌ಸ್ಕಾ ಎಂಬ ಹೆಣ್ಣುಮಗಳ ಮುಂದಾಳತ್ವದಲ್ಲಿ ಕ್ಯೂಬ್ಸ್ ಎಂಬ ವ್ಯವಸ್ಥೆಯ ಮೊದಲ ಆವೃತ್ತಿ ಹೊರಬಂತು. ಕ್ಯೂಬ್ಸ್ ಕ್ಸೆನ್ ಮೇಲೆ ನಡೆಯುತ್ತದೆ, ಉಚಿತ. ಅದರಲ್ಲಿ ಬ್ಯಾಂಕಿನ ಕೆಲಸಕ್ಕೆ ಒಂದು ಕೋಣೆ, ಇಂಟರ್‌ನೆಟ್ ತಿರುಗಾಟಕ್ಕೆ ಒಂದು ಕೋಣೆ, ಪೆನ್‌ಡ್ರೈವಿಗೇ ಒಂದು ಕೋಣೆ ಇಡಬಹುದು. ಯಾವ ಕೋಣೆಯದೆಂದು ತಿಳಿಯಲು ಪ್ರತಿ ಕಿಟಕಿಯ ಅಂಚಿಗೂ ಬೇರೆ ಬೇರೆ ಬಣ್ಣ. ಸಂಶಯದ ಕಡತವನ್ನು ತಾತ್ಕಾಲಿಕ ಕೋಣೆಯಲ್ಲಿ ತೆರೆದು ನೋಡಿ ಮುಚ್ಚಿದರೆ, ಊಟವಾದ ಮೇಲೆ ಎಲೆ ಎಸೆದಂತೆ, ಕೋಣೆಯೇ ಅಳಿಸಿಹೋಗುತ್ತದೆ. ಇದಕ್ಕೆ 16 ಜಿಬಿ ಮೆಮೊರಿ ಇದ್ದರೆ ಒಳ್ಳೆಯದು ಎನ್ನುತ್ತಾರೆ. ಕಲಿಯಲು ತಾಳ್ಮೆಯೂ ಬೇಕು.

ನಮ್ಮ ಸೇವಾ ಕೇಂದ್ರದ ಹುಡುಗರಿಗೆ ಹತ್ತಿರದ ದಾರಿ ಇನ್ನೊಂದಿದೆ. ವಿಂಡೋಸಿನ ಪ್ರೊ ಆವೃತ್ತಿಯಲ್ಲಿ 2019ರಿಂದ ವಿಂಡೋಸ್ ಸ್ಯಾಂಡ್‌ಬಾಕ್ಸ್ ಎಂಬ ಕೋಣೆ ಇದೆ. ಇದು ಹೈಪರ್‌ವೈಸರ್ ಮೇಲೆಯೇ ನಿಲ್ಲುತ್ತದೆ, ಮುಚ್ಚಿದೊಡನೆ ಅಳಿಸಿಹೋಗುತ್ತದೆ. ಹೋಮ್ ಆವೃತ್ತಿಯಲ್ಲಿ ಇದು ಸಿಗುವುದಿಲ್ಲ. ಕಂಪ್ಯೂಟರ್ ಕೊಳ್ಳುವಾಗ ಅಂಗಡಿಯವನನ್ನು ಯಾವ ಆವೃತ್ತಿ ಎಂದು ಕೇಳಿ. ನಿಮ್ಮ ಯಂತ್ರ ಸಿದ್ಧವಿದೆಯೇ ಎಂದು ನೋಡಲು ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಒತ್ತಿ. ವರ್ಚುವಲೈಜೇಷನ್ ಎಂಬಲ್ಲಿ ಎನೇಬಲ್ಡ್ ಎಂದಿದ್ದರೆ ಸರಿ. ಇಲ್ಲದಿದ್ದರೆ ತಿಳಿದವರಿಂದ ಬಯಾಸ್‌ನಲ್ಲಿ ಅದನ್ನು ಚಾಲೂ ಮಾಡಿಸಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಹೈಪರ್-ವಿ ಏರ್ಪಾಟಿನಲ್ಲಿ ನಿಮ್ಮ ಮುಖ್ಯ ವಿಂಡೋಸಿಗೆ ಯಜಮಾನಿಕೆ ಇರುತ್ತದೆ. ಅದು ಕೆಟ್ಟರೆ ಉಳಿದ ಕೋಣೆಗಳೂ ಅಪಾಯಕ್ಕೆ ಬೀಳುತ್ತವೆ. ಆದ್ದರಿಂದ ಹಣದ ಕೆಲಸವನ್ನು ಒಳಕೋಣೆಗೆ ತಳ್ಳಿ, ಸಿನಿಮಾ, ಪೆನ್‌ಡ್ರೈವುಗಳನ್ನು ಮುಖ್ಯ ವಿಂಡೋಸಿನಲ್ಲಿ ಇಟ್ಟುಕೊಂಡರೆ ಫಲವಿಲ್ಲ. ತಿರುವಿ ಮಾಡಬೇಕು. ಮುಖ್ಯ ವಿಂಡೋಸ್ ಚೊಕ್ಕಟವಾಗಿರಲಿ, ಅಲ್ಲಿ ಹಣದ ಕೆಲಸ ಮಾತ್ರ. ಗುರುತಿಲ್ಲದ ಕಡತ, ಗುರುತಿಲ್ಲದ ಕೊಂಡಿ, ಇವೆಲ್ಲ ಒಳಕೋಣೆಗೆ. ಒಳಕೋಣೆಯಿಂದ ಹೊರಕ್ಕೆ ಕಾಪಿ ಮಾಡಿ ತರುವುದೂ ಒಂದು ಬಾಗಿಲೇ, ಅದನ್ನು ಹಿಡಿತದಲ್ಲಿಡಿ.

ಗೋಡೆ ಇದೆಯೆಂದು ನಿದ್ದೆ ಮಾಡುವಂತೆಯೂ ಇಲ್ಲ. 2015ರ ಮೇ ತಿಂಗಳಲ್ಲಿ ವೆನಮ್ ಎಂಬ ಬಿರುಕು ಪತ್ತೆಯಾಯಿತು. ಕ್ಸೆನ್ ಮುಂತಾದವುಗಳ ಜೊತೆ ಬಳಕೆಯಾಗುವ ಕ್ಯೂಇಎಂಯು ಎಂಬ ತಂತ್ರಾಂಶದಲ್ಲಿ, ಹಳೇ ಫ್ಲಾಪಿ ಡಿಸ್ಕಿಗಾಗಿ ಬರೆದಿದ್ದ ಭಾಗದಲ್ಲಿ ಅದು ಅಡಗಿತ್ತು. ಬ್ಯಾಂಕಿನಲ್ಲಿ ಒಂದು ಕಾಲಕ್ಕೆ ದಿನದ ಲೆಕ್ಕವನ್ನು ಫ್ಲಾಪಿಗೆ ಇಳಿಸಿಡುತ್ತಿದ್ದೆವು, ಈಗ ಅದನ್ನು ಕಂಡ ಮಕ್ಕಳೇ ಕಡಿಮೆ. ಯಾರೂ ಬಳಸದ ಆ ಮೂಲೆಯಿಂದ ಒಂದು ಕೋಣೆಯವನು ಗೋಡೆ ದಾಟಿ ಬರಲು ಸಾಧ್ಯವಿತ್ತು. ಸರಿಪಡಿಸಿದರು ಅನ್ನಿ. ಅದಕ್ಕೇ ಅಪ್‌ಡೇಟ್ ಬಂದಾಗ ಆಮೇಲೆ ನೋಡೋಣ ಎನ್ನಬಾರದು. ಇನ್ನು, ನಾವೇ ಬಾಯಿ ಬಿಟ್ಟು ಓಟಿಪಿ ಹೇಳಿದರೆ, ಪಾಸ್‌ವರ್ಡನ್ನು ಗೋಡೆಗೆ ಅಂಟಿಸಿದರೆ ಯಾವ ಹೈಪರ್‌ವೈಸರೂ ಕಾಯಲಾರದು.

ಮನೆಯಲ್ಲಿ ಕನ್ನಡ, ಶಾಲೆ ಕಚೇರಿಯಲ್ಲಿ ತೆಲುಗು, ಒಂದೇ ತಲೆಯಲ್ಲಿ ಎರಡನ್ನೂ ಇಟ್ಟುಕೊಂಡು, ಒಂದನ್ನು ಇನ್ನೊಂದು ಕೆಡಿಸದಂತೆ ಬಾಳಿದವರು ನಾವು. ಒಂದು ಯಂತ್ರದಲ್ಲಿ ಎರಡು ಕೋಣೆ ಎಂದರೆ ನಮಗೆ ವಿಚಿತ್ರವೆನಿಸಬಾರದು. ಸೇವಾ ಕೇಂದ್ರ ನಡೆಸುವ ತಮ್ಮಂದಿರಲ್ಲಿ ನನ್ನ ವಿನಂತಿ: ನಿಮ್ಮ ಮೇಜಿನ ಮುಂದೆ ಹೆಬ್ಬೆಟ್ಟು ಒತ್ತುವ ಅಜ್ಜಿಗೆ ಈ ವಿದ್ಯೆಯ ಹೆಸರೂ ಗೊತ್ತಿಲ್ಲ. ಅವಳು ನಿಮ್ಮನ್ನು ನಂಬಿ ಬಂದಿದ್ದಾಳೆ. ಕೇಂದ್ರಕ್ಕೆ ಹೋಗುವ ಹಿರಿಯರಲ್ಲಿಯೂ ಒಂದು ಮಾತು: ನಮ್ಮ ಹಣದ ಕೆಲಸ ಮಾಡುವ ವಿಂಡೋಸಿನಲ್ಲಿ ಮತ್ತೇನು ಓಡುತ್ತದಪ್ಪಾ ಎಂದು ಒಮ್ಮೆ ಕೇಳಿ ನೋಡಿ. ಕೇಳುವುದಕ್ಕೆ ಸಂಕೋಚ ಬೇಡ.