ಕಂಬದ ಮೇಲಿನ ಜಾಯಿಂಟ್

ದೂರವಾಣಿ ಕೇಬಲ್ಲಿನ ಆಯಸ್ಸು ಅದರ ಜಾಯಿಂಟುಗಳ ಆಯಸ್ಸಿನಷ್ಟೇ. ಕೋಲಾರ (ಎಸ್‌ಟಿಡಿ ಕೋಡ್ 08152), ಮಾಲೂರು (08151), ಮುಳಬಾಗಿಲು (08159), ಶ್ರೀನಿವಾಸಪುರ (08157) ಎಕ್ಸ್‌ಚೇಂಜುಗಳ ತಾಮ್ರದ ಕೇಬಲ್ ನೆಲದಡಿಯಲ್ಲಿ ಪಿಲ್ಲರ್ ಪೆಟ್ಟಿಗೆಗೆ ಬಂದು, ಅಲ್ಲಿಂದ ಕಂಬದ ಡಿ.ಪಿ. (ವಿತರಣಾ) ಬಾಕ್ಸಿಗೆ ಏರಿ, ಡ್ರಾಪ್ ವೈರಾಗಿ ಮನೆಗೆ ಇಳಿಯುತ್ತದೆ.

ಕೇಬಲ್ಲಿನೊಳಗಿನ ತಂತಿಗಳು ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಎರಡೆರಡು ಹೆಣೆದು ಜೋಡಿಯಾಗಿರುತ್ತವೆ. ಗುರುತಿಗೆ ಬಣ್ಣ: ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ ಒಂದು ಕಡೆ, ನೀಲಿ, ಕಿತ್ತಳೆ, ಹಸಿರು, ಕಂದು, ಬೂದು ಇನ್ನೊಂದು ಕಡೆ. ಐದನ್ನು ಐದರಿಂದ ಗುಣಿಸಿದರೆ 25 ಜೋಡಿ. ಬಿಳಿ-ನೀಲಿ ಮೊದಲನೆಯದು, ಕೆಂಪು-ನೀಲಿ ಆರನೆಯದು. ಒಂದು ಜೋಡಿಯ ತಂತಿ ಇನ್ನೊಂದು ಜೋಡಿಯ ತಂತಿಗೆ ಸೇರಿಬಿಟ್ಟರೆ ಫೋನ್ ಕೆಲಸ ಮಾಡುತ್ತದೆ, ಆದರೆ ಪಕ್ಕದ ಮನೆಯ ಮಾತೂ ಸಣ್ಣಗೆ ಕೇಳಿಸುತ್ತದೆ. ಪತ್ತೆಹಚ್ಚಲು ಇದಕ್ಕಿಂತ ಹಿಂಸೆಯ ದೋಷ ಇನ್ನೊಂದಿಲ್ಲ.

ಈಗಿನ ಜಾಯಿಂಟರ್ ತಂತಿಯ ಸಿಪ್ಪೆ ಸುಲಿಯುವುದಿಲ್ಲ. ಗುಂಡಿಯಷ್ಟು ಚಿಕ್ಕ, ಜೆಲ್ಲಿ ತುಂಬಿದ ಕನೆಕ್ಟರಿಗೆ ಎರಡು ತುದಿಗಳನ್ನು ತೂರಿಸಿ ಇಕ್ಕುಳದಿಂದ ಒತ್ತಿದರೆ, ಒಳಗಿನ ಲೋಹ ಪ್ಲಾಸ್ಟಿಕ್ ಸೀಳಿ ತಾಮ್ರವನ್ನು ಕಚ್ಚುತ್ತದೆ. ಎಲ್ಲ ಜೋಡಿ ಮುಗಿದ ಮೇಲೆ ಮೇಲೊಂದು ಸ್ಲೀವ್ ಹೊದಿಸಿ ಉರಿಯಿಂದ ಕಾಯಿಸುತ್ತಾರೆ; ಅದು ಕುಗ್ಗಿ ಬಿಗಿಯುತ್ತದೆ. ಹಿಂದಿನ ಸೀಸದ ಹೊದಿಕೆಯ ಕೇಬಲ್‌ಗಳಲ್ಲಾದರೆ ಇದೇ ಕೆಲಸಕ್ಕೆ ಕರಗಿದ ಬೆಸುಗೆಯನ್ನು ಬಟ್ಟೆಯಿಂದ ಸವರಬೇಕಿತ್ತು; ಅದಕ್ಕೆ ಪಳಗಿದ ಕೈಯೇ ಬೇಕು.

ಇಷ್ಟೆಲ್ಲ ನೀರಿಗೆ ಹೆದರಿ. ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯ ಧನಾಗ್ರವನ್ನು ನೆಲಕ್ಕೆ ಜೋಡಿಸಿರುತ್ತಾರೆ, ತಾಮ್ರ ಸವೆಯದಿರಲೆಂದು. ಆದರೂ ಜಾಯಿಂಟಿಗೆ ನೀರು ಸೇರಿದರೆ ತಂತಿಯೊಂದು ಹಸಿರುಗಟ್ಟಿ ಕೊರೆದುಹೋಗುತ್ತದೆ. ಗ್ರಾಹಕರಿಗೆ ಕೇಳುವುದು ಕರಕರ ಸದ್ದು. ಕೋಲಾರದ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಡಿ.ಪಿ. ಬಾಕ್ಸುಗಳ ಮುಚ್ಚಳ, ಕಂಬವನ್ನು ಎಳೆದು ಹಿಡಿಯುವ ಸ್ಟೇ ವೈರು, ಜೋತುಬಿದ್ದ ತಂತಿಗಳನ್ನು ಆಗಸ್ಟಿನೊಳಗೆ ಸರಿಪಡಿಸುವುದು ಜಾಣತನ. ಶ್ರೀನಿವಾಸಪುರದ ಮಾವಿನ ತೋಪುಗಳ ಬಳಿ ಕೊಂಬೆ ಸವರಬೇಕು. ಮಾಲೂರಿನ ಹೆಂಚು-ಇಟ್ಟಿಗೆ ಲಾರಿಗಳ ದಾರಿಯಲ್ಲೂ, ಮುಳಬಾಗಿಲಿನ 75ನೇ ಹೆದ್ದಾರಿಯಲ್ಲೂ ಅಡ್ಡ ಹಾಯುವ ಕೇಬಲ್ಲು ಎತ್ತರದಲ್ಲಿರಬೇಕು.

ಈಗ ಕಂಬಗಳಲ್ಲಿ ಹೆಚ್ಚಾಗಿ ಕಾಣುವುದು ಫೈಬರ್. ಅದರ ಗಾಜಿನ ಎಳೆ 125 ಮೈಕ್ರಾನ್, ಅಂದರೆ ಮಿಲಿಮೀಟರಿನ ಎಂಟನೇ ಒಂದು ಭಾಗ. ತುದಿಯನ್ನು ಒರೆಸಿ, ನೇರ ಕತ್ತರಿಸಿ, ಸ್ಪ್ಲೈಸಿಂಗ್ ಮೆಷಿನ್ನಿನ ಕಿಡಿಯಲ್ಲಿ ಬೆಸೆದರೆ ನಷ್ಟ 0.1 ಡೆಸಿಬೆಲ್‌ಗಿಂತ ಕಡಿಮೆ. ತುಂಡಾದ ಗಾಜಿನ ಚೂರು ಚರ್ಮಕ್ಕೆ ಚುಚ್ಚಿದರೆ ಕಣ್ಣಿಗೆ ಕಾಣುವುದೇ ಇಲ್ಲ. ಹಾಗಾಗಿ ಚೂರುಗಳನ್ನು ಡಬ್ಬಿಗೇ ಹಾಕಬೇಕು.

ವಿದ್ಯುತ್ ಕಂಪನಿ ಬೆಸ್ಕಾಂನ ಕಂಬಗಳಲ್ಲಿ ದೂರವಾಣಿ ತಂತಿಯೂ ವಿದ್ಯುತ್ ತಂತಿಯೂ ಹತ್ತಿರದಲ್ಲೇ ಇರುತ್ತವೆ. ಕಡಿದು ಬಿದ್ದ ಕೇಬಲ್ ವಿದ್ಯುತ್ ತಂತಿಗೆ ತಗುಲಿರಬಹುದು. ಅದನ್ನು ಯಾರೂ ಮುಟ್ಟದೆ, ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ ತಿಳಿಸಬೇಕು.